ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗೆ ಹತ್ತಿರದ ಡಾಕ್ಟರೇ ಯಾಕೆ ಸಿಗುತ್ತಿಲ್ಲ?

ತುಮಕೂರಿನ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಸ್ಟಾಫ್ ರೂಮಿನಲ್ಲಿ 45 ದಾಟಿದವರೇ ಜಾಸ್ತಿ. ಊಟದ ಹೊತ್ತಿಗೆ ಮಾತು ಶುರುವಾದರೆ ಇದೇ: ರಾತ್ರಿ ನಿದ್ದೆ ಇಲ್ಲ, ಇದ್ದಕ್ಕಿದ್ದಂತೆ ಮೈಯೆಲ್ಲ ಕಾವು ಏರಿ ಬೆವರು ಕಿತ್ತುಕೊಂಡು ಬರುತ್ತೆ, ಎದೆ ಡವಡವ ಅನ್ನುತ್ತೆ, ಕೀಲು ನೋವು, ಮಕ್ಕಳ ಮೇಲೆ ಸುಮ್ನೆ ರೇಗುವ ಹಾಗಾಗುತ್ತೆ. ಡಾಕ್ಟರ್ ಹತ್ತಿರ ಹೋಗಿಲ್ವಾ ಅಂದರೆ ಎಲ್ಲರೂ ಹೋಗಿದ್ದಾರೆ. ಎದೆಗೆ ಒಬ್ಬರು, ಮೂಳೆಗೆ ಒಬ್ಬರು, ನಿದ್ದೆಗೆ ಇನ್ನೊಬ್ಬರು. ನಮ್ಮ ಅಕ್ಕನ ಫೈಲಿನಲ್ಲಿ ಇಸಿಜಿ ಇದೆ, ಎಕೋ ಇದೆ, ಮಂಡಿ ಎಕ್ಸ್‌ರೇ ಇದೆ, ಉರಿಮೂತ್ರಕ್ಕೆ ಬರೆದ ಆ್ಯಂಟಿಬಯಾಟಿಕ್ ಚೀಟಿಗಳು ಒಂದರ ಮೇಲೊಂದು ಇವೆ. "ಮುಟ್ಟು ಸರಿಯಾಗಿ ಆಗುತ್ತಿದೆಯಾ?" ಅನ್ನುವ ಪ್ರಶ್ನೆಗೆ ಉತ್ತರ ಬರೆದ ಒಂದು ಹಾಳೆಯೂ ಇಲ್ಲ. ಅದನ್ನು ಕೊನೆಗೆ ಕೇಳಿದ್ದು ನಮ್ಮ ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರ್. ಆಮೇಲೆ ಅಕ್ಕನಿಗೆ ಬೇರೆ ಊರಿಗೆ ಹೋಗುವ ಕೆಲಸವೇ ಬೀಳಲಿಲ್ಲ.

ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರಿಂದ 47. ಯುರೋಪ್, ಅಮೆರಿಕದಲ್ಲಿ 51ರ ಹತ್ತಿರ. ಅಂದರೆ ನಮ್ಮವರಿಗೆ ತೊಂದರೆ 40 ದಾಟುತ್ತಿದ್ದಂತೆ ಶುರುವಾಗಬಹುದು. ಮನೆ, ನೌಕರಿ, ಮಕ್ಕಳ ಪಿಯುಸಿ, ಅತ್ತೆ ಮಾವನ ಆರೈಕೆ ಎಲ್ಲ ಒಟ್ಟಿಗೆ ತಲೆ ಮೇಲಿರುವ ವಯಸ್ಸು ಅದು. ಈ ವಯಸ್ಸಿನ ಆರೈಕೆ ಮನೆ ಹತ್ತಿರದ ಡಾಕ್ಟರ್, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲೇ ಶುರುವಾಗಬೇಕು, ಮುಕ್ಕಾಲು ಪಾಲು ಅಲ್ಲೇ ಮುಗಿಯಬೇಕು ಅನ್ನುವುದು ನನ್ನ ವಾದ. ಯಾಕೆ ಆಗುತ್ತಿಲ್ಲ? ನಿಮ್ಮ ಊರಿನಲ್ಲಿ ಹೇಗಿದೆ? ಡಾಕ್ಟರ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಶಿವಮೊಗ್ಗ ಗೃಹಿಣಿ

ನನ್ನದೂ ಇದೇ ಕಥೆ. ಥೈರಾಯ್ಡ್ ಅಂದರು, ಇಲ್ಲ ಅಂದರು. ಡಿಪ್ರೆಶನ್ ಅಂದರು. ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ಉತ್ತರಗಳಿಗೆ ಕಾಯುತ್ತೇನೆ.

ತಾಲ್ಲೂಕು ಡಾಕ್ಟರ್

ಟೀಚರ್ ಅವರೇ, ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಒಂದು ತಾಲ್ಲೂಕು ಊರಿನಲ್ಲಿ ಜನರಲ್ ಪ್ರಾಕ್ಟೀಸ್ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇದನ್ನು ಗುರುತಿಸಲು ದೊಡ್ಡ ಮೆಷಿನ್ ಬೇಡ. 45 ದಾಟಿದವರಿಗೆ ಮುಟ್ಟು ಏರುಪೇರಾಗಿ, ಮೈ ಬಿಸಿಯಾಗುವುದು, ರಾತ್ರಿ ಬೆವರುವುದು ಇದ್ದರೆ ಹಾರ್ಮೋನ್ ಟೆಸ್ಟ್ ಕೂಡ ಬೇಡ. ಈ ಸಮಯದಲ್ಲಿ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನು ಒಂದು ವಾರ ಏರಿ ಇನ್ನೊಂದು ವಾರ ಇಳಿಯುತ್ತದೆ. ರಿಪೋರ್ಟ್ ನಾರ್ಮಲ್ ಬಂದರೆ "ನಿಮಗೇನೂ ಇಲ್ಲ" ಅಂತ ಮನೆಗೆ ಕಳಿಸಿಬಿಡುವ ಅಪಾಯ ಇದೆ. ಒಂದು ವರ್ಷ ಪೂರ್ತಿ ಮುಟ್ಟಾಗದೇ ಇದ್ದರೆ ಮುಟ್ಟು ನಿಂತಿದೆ ಅಂತ ಲೆಕ್ಕ. ಆದರೆ ತೊಂದರೆ ಅದಕ್ಕಿಂತ ಕೆಲವು ವರ್ಷ ಮುಂಚೆಯೇ ಶುರುವಾಗಿರುತ್ತದೆ. "ನನಗಿನ್ನೂ ಮುಟ್ಟಾಗುತ್ತಿದೆ, ಹಾಗಾಗಿ ಅದಲ್ಲ" ಅಂತ ಬಹಳ ಜನ ಅಂದುಕೊಳ್ಳುವುದು ಇದು ಗೊತ್ತಿಲ್ಲದೆ.

40ರೊಳಗೆ ನಿಂತುಹೋದರೆ ಮಾತ್ರ ಬೇರೆ. ಅವರಿಗೆ ಟೆಸ್ಟ್ ಬೇಕೇ ಬೇಕು, ಸ್ತ್ರೀರೋಗ ತಜ್ಞರೂ ಬೇಕು.

ಕ್ಲಿನಿಕ್ಕಿನಲ್ಲಿ ನಾವು ಮಾಡಬೇಕಾದದ್ದು ಬಿಪಿ, ತೂಕ, ಶುಗರ್, ಹಿಮೋಗ್ಲೋಬಿನ್, ಬೇಕಿದ್ದರೆ ಥೈರಾಯ್ಡ್. ಎದೆ ಡವಡವಕ್ಕೆ ಇಸಿಜಿ ಮಾಡಿಸುವುದು ಸರಿಯೇ, ಮಾಡಿಸಲೇಬೇಕು. ಇಸಿಜಿ ಚೆನ್ನಾಗಿದೆ ಅಂತ ಅಲ್ಲಿಗೇ ಮಾತು ನಿಲ್ಲಿಸುವುದು ತಪ್ಪು. ಪದೇ ಪದೇ ಉರಿಮೂತ್ರ ಬರುವುದಕ್ಕೆ ಕಾರಣ ಎಷ್ಟೋ ಸಲ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಕಡಿಮೆಯಾಗಿ ಒಳಗಿನ ಚರ್ಮ ತೆಳ್ಳಗೆ, ಒಣಗಿದ ಹಾಗೆ ಆಗಿರುವುದು. ಅದಕ್ಕೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಪ್ರಮಾಣ ಬಹಳ ಕಡಿಮೆ, ರಕ್ತಕ್ಕೆ ಸೇರುವುದು ಅತಿ ಸ್ವಲ್ಪ. ಗಂಡ ಹೆಂಡತಿ ಕೂಡುವಾಗ ಆಗುವ ನೋವಿಗೂ ಇದೇ ಔಷಧ. ಆ ನೋವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಕೇಳಬೇಕು.

ಇನ್ನು ಯಾಕೆ ಆಗುತ್ತಿಲ್ಲ ಅನ್ನುವುದು. ಒಂದು, ಸಮಯ. ಬೆಳಗಿನ ಒಪಿಡಿಯಲ್ಲಿ ಜ್ವರ, ಕೆಮ್ಮು, ಮಕ್ಕಳು ಸಾಲು ನಿಂತಿರುತ್ತಾರೆ. ಇನ್ನೊಂದು, ಓದಿದ್ದು. ಎಂಬಿಬಿಎಸ್‌ನಲ್ಲಿ ಸ್ತ್ರೀರೋಗ ಅಂದರೆ ಹೆಚ್ಚು ಸಮಯ ಹೆರಿಗೆ ವಾರ್ಡಿನಲ್ಲೇ ಕಳೆಯುತ್ತದೆ. ಎಲ್ಲಕ್ಕಿಂತ ದೊಡ್ಡದು ಗುಟ್ಟು ಕಾಯುವ ಜಾಗ. ನಮ್ಮ ಕಡೆ ಕ್ಲಿನಿಕ್ ಅಂದರೆ ಅರ್ಧ ಬಾಗಿಲು, ಹೊರಗೆ ಬೆಂಚಿನ ಮೇಲೆ ಪಕ್ಕದ ಮನೆಯವರು, ಒಳಗೆ ಕಂಪೌಂಡರ್. ಪಕ್ಕದಲ್ಲಿ ಕೂತ ಗಂಡನೋ ಮಗನೋ "ಅವಳಿಗೆ ಸುಸ್ತು ಸರ್" ಅಂತ ಉತ್ತರ ಹೇಳಿಬಿಡುತ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ ಈಗ ಬಿಪಿ ನೋಡುವ ನೆಪದಲ್ಲಿ ಹೆಂಗಸರನ್ನು ಪರದೆ ಹಿಂದಿನ ಮಂಚಕ್ಕೆ ಕರೆಯುತ್ತೇವೆ. ನರ್ಸ್ ಅಲ್ಲೇ ಕೇಳುತ್ತಾರೆ: "ಕೊನೇ ಮುಟ್ಟು ಯಾವಾಗ? ರಾತ್ರಿ ಬೆವರುತ್ತಾ? ನಿದ್ದೆ ಹೇಗಿದೆ?" ಗಂಡನಿಗೆ ಕೇಳಿಸದ ಕಡೆ ಉತ್ತರ ಬೇರೆಯೇ ಬರುತ್ತದೆ.

ಹಾಸನದ ಹಿರಿಯರು

ನನಗೆ 71. ನಾವೆಲ್ಲ ಇದಕ್ಕೆ ಡಾಕ್ಟರ್ ಹತ್ತಿರ ಹೋದವರಲ್ಲ. ಗದ್ದೆ ಕೆಲಸ, ಕೊಟ್ಟಿಗೆ ಕೆಲಸ, ಅದರ ಮಧ್ಯೆ ಯಾವಾಗ ನಿಂತಿತೋ ನಿಂತಿತು. ದೇಹದ ಸಹಜ ಕ್ರಿಯೆಗೂ ಮಾತ್ರೆ ಅಂತ ಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ? ಈಗಿನ ಹುಡುಗಿಯರನ್ನು ಹೆದರಿಸಬೇಡಿ ಅನ್ನುವುದಷ್ಟೇ ನನ್ನ ಮಾತು.

ತಾಲ್ಲೂಕು ಡಾಕ್ಟರ್

ಅಮ್ಮಾ, ನಿಮ್ಮ ಮಾತನ್ನು ಒಪ್ಪುತ್ತೇನೆ. ಇದು ಕಾಯಿಲೆ ಅಲ್ಲ. ಎಷ್ಟೋ ಜನರಿಗೆ ಔಷಧವೇ ಬೇಡ. "ಇದು ಇಂಥದ್ದು, ಕಡಿಮೆಯಾಗುತ್ತೆ" ಅಂತ ಒಂದು ಮಾತು ತಿಳಿದರೆ ಸಾಕು, ಅರ್ಧ ಹೆದರಿಕೆ ಹೋಗುತ್ತದೆ. ಆದರೆ ಕೆಲವರಿಗೆ ಬಿಸಿ, ಬೆವರು ಸರಾಸರಿ 7 ವರ್ಷದಷ್ಟು ಇರುತ್ತದೆ. ಅಷ್ಟು ವರ್ಷ ನಿದ್ದೆಗೆಟ್ಟು ದುಡಿಯಿರಿ ಅಂತ ಹೇಳುವುದು ನ್ಯಾಯವಲ್ಲ, ಅಲ್ವಾ?

ಇನ್ನೊಂದು ಇದೆ, ಕಣ್ಣಿಗೆ ಕಾಣದ್ದು. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಆಗ ನೋವೇನೂ ಇರುವುದಿಲ್ಲ. 65, 70ಕ್ಕೆ ಬಚ್ಚಲಲ್ಲಿ ಕಾಲು ಜಾರಿದಾಗ ಸೊಂಟದ ಮೂಳೆ ಮುರಿದು ಆಗ ಗೊತ್ತಾಗುತ್ತದೆ.

ಹಾಸನದ ಹಿರಿಯರು

ಅದು ನಿಜ ಕಣಪ್ಪ. ನಮ್ಮ ಓರಗಿತ್ತಿ ಹಾಗೇ ಬಿದ್ದು ಮತ್ತೆ ಎದ್ದು ಓಡಾಡಲಿಲ್ಲ. ಮುಟ್ಟು ನಿಲ್ಲುವುದಕ್ಕೂ ಮೂಳೆಗೂ ಸಂಬಂಧ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಏನು ತಿನ್ನಬೇಕು?

ತಾಲ್ಲೂಕು ಡಾಕ್ಟರ್

ಹಾಸನದಲ್ಲಿ ಇದ್ದುಕೊಂಡು ಏನು ತಿನ್ನಬೇಕು ಅಂತ ಯೋಚನೆ ಬೇಡಮ್ಮ, ರಾಗಿ ಇದೆಯಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ವಯಸ್ಸಿನವರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕ. ಮುದ್ದೆ, ಮಜ್ಜಿಗೆ, ಸೊಪ್ಪು, ಎಳ್ಳು ಸೇರಿದರೆ ಹೆಚ್ಚು ಭಾಗ ಬಂದುಬಿಡುತ್ತದೆ. ಜೊತೆಗೆ ಬಿಸಿಲು, ದಿನಾ ನಡಿಗೆ.

ಆಶಾ ಕಾರ್ಯಕರ್ತೆ, ರಾಯಚೂರು ಕಡೆ

ಎಲ್ಲಾ ಓದಿದೆ. ನಮ್ಮ ಕೆಲಸದ ಕಡೆಯಿಂದ ಹೇಳುತ್ತೇನೆ.

ಹೆಂಗಸು ಬಸಿರಾದರೆ ನಮ್ಮ ಹತ್ತಿರ ಎಲ್ಲ ಇದೆ. ತಾಯಿ ಕಾರ್ಡ್ ಇದೆ, ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರ ತಪಾಸಣೆ ಇದೆ, ಹೆರಿಗೆ ಆದ ಮೇಲೆ ಮನೆ ಭೇಟಿ ಇದೆ. ಮಕ್ಕಳಾಗದ ಹಾಗೆ ಆಪರೇಷನ್ ಆಯಿತು ಅಂದರೆ ನಮ್ಮ ಪುಸ್ತಕದಲ್ಲಿ ಅವಳ ಕೆಲಸ ಮುಗಿಯಿತು. ಮಕ್ಕಳಾಗುವ ವಯಸ್ಸಿನವರ ಹೆಸರಿರುವ ಅರ್ಹ ದಂಪತಿ ರಿಜಿಸ್ಟರ್ 49 ವಯಸ್ಸಿಗೆ ನಿಲ್ಲುತ್ತದೆ. ಅದೇ ಹೆಣ್ಣುಮಗಳು 47ಕ್ಕೆ "ಅಕ್ಕಾ, ಮೈ ಉರೀತೈತಿ, ರಾತ್ರಿ ಎದ್ದು ಅಂಗಳದಾಗ ಕೂಡ್ತೀನಿ" ಅಂದರೆ ಬರೆಯಲು ನನ್ನ ಹತ್ತಿರ ಒಂದು ಕಾಲಂ ಇಲ್ಲ.

ಆದರೆ ಒಂದು ದಾರಿ ಇದೆ. 30 ದಾಟಿದವರಿಗೆ ಬಿಪಿ, ಶುಗರ್, ಕ್ಯಾನ್ಸರ್ ಹುಡುಕಲು ನಾವು ಮನೆ ಮನೆಗೆ ಹೋಗಿ ಸಿಬ್ಯಾಕ್ ಫಾರಂ ತುಂಬುತ್ತೇವೆ. ಅದರಲ್ಲಿ ಹೆಂಗಸರಿಗೆ ಅಂತ ಕೆಲವು ಪ್ರಶ್ನೆ ಇವೆ. ಎದೆಯಲ್ಲಿ ಗಂಟು ಇದೆಯಾ, ಮುಟ್ಟಿನ ಮಧ್ಯೆ ರಕ್ತ ಹೋಗುತ್ತಾ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಾ. ಅಂದರೆ ಮುಟ್ಟು ನಿಂತಿದೆಯಾ ಅನ್ನುವ ಮಾತು ಆ ಮನೆ ಬಾಗಿಲಲ್ಲಿ ಆಗಲೇ ಬರುತ್ತದೆ! ಅಲ್ಲಿಗೇ ಇನ್ನೆರಡು ಪ್ರಶ್ನೆ ಸೇರಿಸಿದರೆ ಆಯಿತು: ಮೈ ಬಿಸಿಯಾಗಿ ಬೆವರುತ್ತಾ? ನಿದ್ದೆ ಕೆಡುತ್ತಾ? ಹೊಸ ಸ್ಕೀಮ್ ಬೇಡ, ಹೊಸ ರಿಜಿಸ್ಟರ್ ಬೇಡ. ರಿಜಿಸ್ಟರ್ ನಮಗೆ ಆಗಲೇ ಸಾಕಷ್ಟಿವೆ.

ಆದರೆ ಪ್ರಶ್ನೆ ಕೇಳಿದ ಮೇಲೆ ಕಳಿಸಲು ಜಾಗ ಬೇಕು. ಪಿಎಚ್‌ಸಿ ಡಾಕ್ಟರ್ ಕೈಯಲ್ಲಿ ಔಷಧ ಇಲ್ಲದಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ?

ತುಮಕೂರಿನ ಟೀಚರ್

ಆಶಾ ಅಕ್ಕ, ನಿಮ್ಮ ಸಿಬ್ಯಾಕ್ ಮಾತು ಬಹಳ ಮುಖ್ಯ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲೂ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಅಲ್ಲೂ ಇದೇ ಎರಡು ಪ್ರಶ್ನೆ ಸೇರಬಹುದು.

ಕಲಬುರಗಿಯ ಓದುಗಿ

ನಮ್ಮ ಭಾಗದ ಮಾತು ಹೇಳದೆ ಈ ಚರ್ಚೆ ಪೂರ್ತಿ ಆಗುವುದಿಲ್ಲ.

ನಮ್ಮಲ್ಲಿ ಹತ್ತಿರದ ಡಾಕ್ಟರ್ ಸಿಗದೇ ಹೋದಾಗ ಏನಾಯಿತು ಅಂತ ಎಲ್ಲರಿಗೂ ಗೊತ್ತಿರಬೇಕು. ಬಿಳಿ ಸೆರಗು, ಹೊಟ್ಟೆನೋವು, ಜಾಸ್ತಿ ಮುಟ್ಟು ಅಂತ ಹೋದ ಹೆಣ್ಣುಮಕ್ಕಳಿಗೆ "ಗರ್ಭಕೋಶ ತೆಗೆಸಿಬಿಡು, ಇಲ್ಲಾಂದ್ರೆ ಕ್ಯಾನ್ಸರ್ ಆಗ್ತದ" ಅಂತ ಹೆದರಿಸಿ ಆಪರೇಷನ್ ಮಾಡಿದರು. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಇದರಲ್ಲಿ ಜಾಸ್ತಿ. ಎಷ್ಟೋ ಜನ 40 ಮುಟ್ಟಿದವರೂ ಅಲ್ಲ. ಅವರು ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ದೇಶದ ಲೆಕ್ಕ ನೋಡಿದರೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3.3 ಮಂದಿಗೆ ಗರ್ಭಕೋಶ ಇಲ್ಲ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ 3 ತಿಂಗಳೊಳಗೆ ಜಾರಿಗೆ ತರಬೇಕು ಅಂತ ಹೇಳಿತು.

ಈ ಹೆಣ್ಣುಮಕ್ಕಳಿಗೆ ಆಮೇಲೆ ಏನಾಗಿದೆ ಅಂತ ಕೇಳಿದವರು ಯಾರು? ನನ್ನ ಚಿಕ್ಕಮ್ಮನಿಗೆ 36ಕ್ಕೆ ಗರ್ಭಕೋಶ, ಅಂಡಾಶಯ ಎರಡೂ ತೆಗೆದರು. ತೊಗರಿ ಹೊಲದಲ್ಲಿ ಕಳೆ ಕೀಳಲು ಕೂತರೆ ಏಳಲು ಆಗುತ್ತಿರಲಿಲ್ಲ. ಸೊಂಟ ನೋವು, ಮೈ ಉರಿ, ಮರೆವು. "ಆಪರೇಷನ್ ಆದವರಿಗೆ ಹೀಗೇ" ಅಂತ ಎಲ್ಲರೂ ಹೇಳಿದರು. ಅವಳಿಗೆ ಕೊಡಬೇಕಾದ ಔಷಧ ಒಂದಿತ್ತು ಅಂತ ನಾನು ತಿಳಿದದ್ದು ಬಹಳ ತಡವಾಗಿ. ಡಾಕ್ಟ್ರೇ, ಇದನ್ನು ನೀವು ಬಿಡಿಸಿ ಹೇಳಬೇಕು.

ತಾಲ್ಲೂಕು ಡಾಕ್ಟರ್

ನೋವಾಯಿತು ತಂಗಿ. ಬಿಡಿಸಿ ಹೇಳುತ್ತೇನೆ.

ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಹಾರ್ಮೋನ್ ಕೆಲಸ ನಡೆಯುತ್ತಿರುತ್ತದೆ. ಆದರೆ ಮುಟ್ಟು ಇಲ್ಲದ ಕಾರಣ ಯಾವಾಗ ಮೆನೋಪಾಸ್ (ಮುಟ್ಟು ನಿಲ್ಲುವ ಹಂತ) ಬಂತು ಅಂತ ತಿಳಿಯುವುದಿಲ್ಲ. ಅದು ಸ್ವಲ್ಪ ಬೇಗ ಬರುವ ಸಾಧ್ಯತೆಯೂ ಇದೆ. ಎರಡೂ ಅಂಡಾಶಯ ತೆಗೆದರೆ ಆ ದಿನವೇ ಮೆನೋಪಾಸ್. ನಿಧಾನಕ್ಕೆ ಅಲ್ಲ, ಒಂದೇ ಸಲಕ್ಕೆ. ತೊಂದರೆಯೂ ಜೋರು. ಚಿಕ್ಕ ವಯಸ್ಸಿನಲ್ಲಿ ಹೀಗಾದವರಿಗೆ ಮೂಳೆ ಸವೆತ, ಹೃದಯದ ತೊಂದರೆಯ ಅಪಾಯ ಜಾಸ್ತಿ. ಅದಕ್ಕೇ ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹಾರ್ಮೋನ್ ಕೊಡಬೇಕು ಅನ್ನುವುದು ಪದ್ಧತಿ. ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜನ್ ಒಂದೇ ಸಾಕು. ಗರ್ಭಕೋಶ ಇರುವವರಿಗೆ ಅದರ ಜೊತೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಕಡ್ಡಾಯ. ಇಲ್ಲದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರ್ ಆಗುವ ಅಪಾಯ.

ಆಪರೇಷನ್ ಚೀಟಿಯಲ್ಲಿ ಅಂಡಾಶಯ ತೆಗೆದಿದ್ದಾರಾ ಅಂತ ಬರೆದಿರುತ್ತದೆ. ಎಲ್ಲರೂ ಆ ಡಿಸ್ಚಾರ್ಜ್ ಸಮ್ಮರಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ನಿಮ್ಮ ಡಾಕ್ಟರ್‌ಗೆ ತೋರಿಸಿ. ಆಪರೇಷನ್‌ಗೆ ಮುಂಚೆಯೂ ಒಂದು ಸಲ ತೋರಿಸಿ. ಬೇರೆ ಕಡೆ "ನಾಳೆಯೇ ಅಡ್ಮಿಟ್ ಆಗಿ" ಅಂದಾಗ, ಆ ಆಪರೇಷನ್‌ನಿಂದ ಯಾವ ಲಾಭವೂ ಇಲ್ಲದ ನಿಮ್ಮ ಊರಿನ ಡಾಕ್ಟರ್ ಹತ್ತಿರ ಕೇಳಿಕೊಳ್ಳುವುದು ಬಹಳ ಒಳ್ಳೆಯದು.

ಶಿವಮೊಗ್ಗ ಗೃಹಿಣಿ

ಡಾಕ್ಟ್ರೇ, ಹಾರ್ಮೋನ್ ತಗೊಂಡರೆ ಸ್ತನ ಕ್ಯಾನ್ಸರ್ ಬರುತ್ತೆ ಅಂತಾರಲ್ಲ? ನನ್ನ ತಂಗಿ ಆ ಹೆದರಿಕೆಯಲ್ಲಿ ಚೀಟಿ ಬರೆಸಿಕೊಂಡು ಬಂದು ಔಷಧ ತಗೊಳ್ಳಲೇ ಇಲ್ಲ.

ತಾಲ್ಲೂಕು ಡಾಕ್ಟರ್

ಈ ಹೆದರಿಕೆ 2002ರ ಜುಲೈಯಿಂದ ಬಂದದ್ದು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಅಧ್ಯಯನದ ಒಂದು ಭಾಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರದ ಔಷಧ) ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಜನರಲ್ಲಿ 38 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ತೆಗೆದುಕೊಳ್ಳದವರಲ್ಲಿ 30 ಮಂದಿಗೆ ಬಂದಿತ್ತು. ವ್ಯತ್ಯಾಸ 10,000ಕ್ಕೆ 8. ಅಲ್ಲಿ ಸೇರಿದ್ದವರ ಸರಾಸರಿ ವಯಸ್ಸು 63. ನಮ್ಮ ಮುಂದೆ ಬಂದು ಕೂರುವವರಿಗೆ 47, 50. ಆ ವಯಸ್ಸಿನವರ ಲೆಕ್ಕವನ್ನು ಆಮೇಲೆ ಬೇರೆಯಾಗಿ ನೋಡಿದಾಗ ಚಿತ್ರ ಬೇರೆಯಾಯಿತು. 60ರೊಳಗಿನವರಿಗೆ, ಅಥವಾ ಮುಟ್ಟು ನಿಂತು 10 ವರ್ಷ ಆಗದವರಿಗೆ, ತೊಂದರೆ ಜೋರಾಗಿದ್ದರೆ ಲಾಭವೇ ಹೆಚ್ಚು ಅನ್ನುವುದು ಈಗಿನ ಒಪ್ಪಿತ ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2025ರ ನವೆಂಬರ್‌ನಲ್ಲಿ ಈ ಔಷಧಗಳ ಮೇಲಿದ್ದ ದೊಡ್ಡ ಎಚ್ಚರಿಕೆಗಳಲ್ಲಿ ಬಹುಪಾಲನ್ನು ತೆಗೆಯುವುದಾಗಿ ಹೇಳಿತು.

ಹಾರ್ಮೋನ್ ಔಷಧ ಎಲ್ಲರಿಗೂ ಹೊಂದುತ್ತೆ ಅಂತಲ್ಲ. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದೆ ರಕ್ತಸ್ರಾವ ಇರುವವರು ಇವರನ್ನೆಲ್ಲ ತಜ್ಞರಿಗೇ ಕಳಿಸಬೇಕು. ಹಾರ್ಮೋನ್ ಬೇಡ ಅನ್ನುವವರಿಗೆ ಬಿಸಿ ಬೆವರು ಕಡಿಮೆ ಮಾಡುವ ಬೇರೆ ಮಾತ್ರೆಗಳೂ ಇವೆ. ಚರ್ಮಕ್ಕೆ ಹಚ್ಚುವ ಜೆಲ್ ರೂಪದ ಈಸ್ಟ್ರೋಜನ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ನಿಮ್ಮ ತಂಗಿ ಚೀಟಿ ಬರೆದ ಡಾಕ್ಟರ್ ಹತ್ತಿರ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲಿ. ಉತ್ತರ ಕೊಡುವುದು ನಮ್ಮ ಕೆಲಸ.

ಮೆಡಿಕಲ್ ಶಾಪ್

ನಾನು ಔಷಧ ಅಂಗಡಿ ನಡೆಸುವವನು. ಒಂದು ಎಚ್ಚರಿಕೆ ಹೇಳಬೇಕು.

ಹಬ್ಬ, ಮದುವೆ, ತಿರುಪತಿ, ಧರ್ಮಸ್ಥಳ ಅಂದರೆ ಮುಟ್ಟು ಮುಂದೂಡುವ ಮಾತ್ರೆ ಕೇಳಿಕೊಂಡು ಬರುತ್ತಾರೆ. ಎಷ್ಟೋ ಸಲ ಹೆಂಗಸರು ಬರುವುದಿಲ್ಲ, ಹಳೇ ಖಾಲಿ ಸ್ಟ್ರಿಪ್ ಕೊಟ್ಟು ಮಗನನ್ನು ಕಳಿಸುತ್ತಾರೆ. ಅದೇ ಮಾತ್ರೆಯನ್ನು 46, 48 ವಯಸ್ಸಿನವರು ಜಾಸ್ತಿ ರಕ್ತ ಹೋಗುವುದನ್ನು ನಿಲ್ಲಿಸಲು ತಿಂಗಳು ತಿಂಗಳು ತಾವೇ ನುಂಗುತ್ತಾರೆ. ರಕ್ತ ನಿಲ್ಲುತ್ತದೆ, ಕಾರಣ ಒಳಗೇ ಉಳಿಯುತ್ತದೆ. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಬೈದು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಈಸ್ಟ್ರೋಜನ್ ಕ್ರೀಮ್, ಜೆಲ್ ನಮ್ಮಂಥ ಊರಿನಲ್ಲಿ ಸ್ಟಾಕ್ ಇರುವುದಿಲ್ಲ. ಯಾರೂ ಬರೆಯುವುದಿಲ್ಲ, ಹಾಗಾಗಿ ತರಿಸುವುದಿಲ್ಲ. ಇಬ್ಬರು ಡಾಕ್ಟರ್ ಬರೆಯಲು ಶುರು ಮಾಡಿದರೆ ಡಿಸ್ಟ್ರಿಬ್ಯೂಟರ್ ಹತ್ತಿರ ಹೇಳಿ ಮರುದಿನವೇ ತರಿಸಬಹುದು. ಊರಿನ ಡಾಕ್ಟರ್‌ಗಳು ನಮಗೆ ಒಂದು ಮಾತು ಮುಂಚೆ ಹೇಳಿದರೆ ಸಾಕು.

ರೆಡಿಂಗ್‌ನ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿದ್ದೇನೆ, ಊರು ಮಂಡ್ಯ. ಇಲ್ಲಿ ಯಾವುದೇ ತೊಂದರೆಗೂ ಮೊದಲು ನಮ್ಮ ಏರಿಯಾದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಮೆನೋಪಾಸ್ ಔಷಧವನ್ನೂ ಅವರೇ ಬರೆಯುತ್ತಾರೆ. ಏನು ಮಾಡಬೇಕು ಅಂತ ನೈಸ್ ಅನ್ನುವ ಸಂಸ್ಥೆ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ, 2024ರಲ್ಲಿ ಪರಿಷ್ಕರಿಸಿದೆ. 2023ರ ಏಪ್ರಿಲ್‌ನಿಂದ ಎರಡು ಪ್ರಿಸ್ಕ್ರಿಪ್ಷನ್ ದುಡ್ಡು ಕಟ್ಟಿದರೆ ಪಟ್ಟಿಯಲ್ಲಿರುವ ಹಾರ್ಮೋನ್ ಔಷಧ ವರ್ಷ ಪೂರ್ತಿ ಸಿಗುತ್ತದೆ.

ಆದರೆ ಇಲ್ಲೂ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಸಿಕ್ಕರೆ ಮಾತಿಗೆ 10 ನಿಮಿಷ. 2022ರಲ್ಲಿ ಔಷಧವೇ ಸಿಗದೆ ಒದ್ದಾಡಿದ್ದೂ ಇದೆ. ನಮ್ಮ ಕನ್ನಡ ಗುಂಪಿನಲ್ಲಿ ನೋಡಿದ್ದು ಏನೆಂದರೆ, ಹೋಗುವ ಮುಂಚೆ ತೊಂದರೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದವರಿಗೆ ಆ 10 ನಿಮಿಷ ಸಾಲುತ್ತದೆ. ಕೊನೆ ಮುಟ್ಟಿನ ತಾರೀಕು, ದಿನಕ್ಕೆ ಎಷ್ಟು ಸಲ ಬಿಸಿಯಾಗುತ್ತೆ, ರಾತ್ರಿ ಎಷ್ಟು ಸಲ ಏಳುತ್ತೀರಿ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತಾ. ಇಂಗ್ಲಿಷ್ ಬಾರದ ಅಮ್ಮ, ಅತ್ತೆ ಇದ್ದರೆ ಮಗನನ್ನು ಅನುವಾದಕ್ಕೆ ಕೂರಿಸಬೇಡಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಬೇಕು ಅಂತ ಮುಂಚೆ ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಮಗನ ಮುಂದೆ ಯಾವ ತಾಯಿ ಈ ಮಾತು ಹೇಳುತ್ತಾಳೆ?

ಗಾರ್ಮೆಂಟ್ಸ್ ಟೈಲರ್, ಪೀಣ್ಯ

ನಮ್ಮಲ್ಲಿ ಲೈನಿನಲ್ಲಿ ಕೂತರೆ ಟಾರ್ಗೆಟ್. ಬೆವರು ಬಂತು ಅಂತ ಎದ್ದು ಹೋದರೆ ಪೀಸ್ ನಿಲ್ಲುತ್ತದೆ. 2025ರಲ್ಲಿ ಸರ್ಕಾರ ಮುಟ್ಟಿನ ರಜೆ ತಂದಿತು, ತಿಂಗಳಿಗೆ ಒಂದು, 18ರಿಂದ 52 ವಯಸ್ಸಿನವರಿಗೆ. ಒಳ್ಳೆಯದೇ. ಆದರೆ ಮುಟ್ಟು ನಿಲ್ಲುತ್ತಾ ಬಂದವರ ಕಷ್ಟಕ್ಕೆ ಏನೂ ಇಲ್ಲ. ಮತ್ತೆ ಕ್ಲಿನಿಕ್ ಟೈಮು. ನಮ್ಮ ಏರಿಯಾದ 'ನಮ್ಮ ಕ್ಲಿನಿಕ್' ಬೆಳಗ್ಗೆ 9ಕ್ಕೆ ತೆರೆದು ಸಂಜೆ ನಾಲ್ಕೂವರೆಗೆ ಮುಚ್ಚುತ್ತದೆ. ನಾವು ಫ್ಯಾಕ್ಟರಿ ಬಿಡುವುದು ಅದಾದ ಮೇಲೆ. ಒಂದು ದಿನ ಸಂಬಳ ಬಿಟ್ಟು ಹೋಗಬೇಕು. ವಾರಕ್ಕೆ ಒಂದು ಸಂಜೆ ತೆರೆದಿಟ್ಟರೂ ನಮ್ಮಂಥವರಿಗೆ ದೊಡ್ಡ ಉಪಕಾರ.

ದಾವಣಗೆರೆಯ ಗಂಡಸು

ಹೆಂಗಸರ ಚರ್ಚೆಯಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಹೆಂಡತಿಗೆ 49. ಇತ್ತೀಚೆಗೆ ಮಾತು ಕಡಿಮೆ. ರಾತ್ರಿ ಎದ್ದು ಹಾಲ್‌ನಲ್ಲಿ ಕೂರುತ್ತಾಳೆ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ "ನನಗೇನಾಗಿದೆ" ಅಂತಾಳೆ. ನಾನು ಹೇಗೆ ಮಾತಾಡಲಿ?

ತುಮಕೂರಿನ ಟೀಚರ್

ಧಾರಾಳವಾಗಿ ಬರೆಯಿರಿ ಸರ್, ನೀವು ಕೇಳಿದ್ದೇ ಸಂತೋಷ. "ನಿನಗೇನೋ ಆಗಿದೆ" ಅನ್ನಬೇಡಿ. "ನಿದ್ದೆ ಬರ್ತಿಲ್ಲ ಅಲ್ವಾ, ಈ ವಯಸ್ಸಲ್ಲಿ ಹೀಗಾಗುತ್ತಂತೆ, ಅದಕ್ಕೆ ದಾರಿ ಇದೆಯಂತೆ" ಅನ್ನಿ. ಈ ಚರ್ಚೆಯನ್ನೇ ಓದಲು ಕೊಡಿ. ಡಾಕ್ಟರ್ ಹತ್ತಿರ ಜೊತೆಗೆ ಹೋಗಿ, ಆದರೆ ಒಳಗೆ ಅವರೇ ಮಾತಾಡಲಿ. ತೀರಾ ಮಂಕಾಗಿ, ಬದುಕು ಬೇಡ ಅನ್ನುವಂಥ ಮಾತು ಬಂದರೆ ಕಾಯಬೇಡಿ, ಅವತ್ತೇ ಡಾಕ್ಟರ್‌ಗೆ ತೋರಿಸಿ. 14416ಕ್ಕೆ ಟೆಲಿ ಮನಸ್ ಅಂತ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ.

ಆಶಾ ಕಾರ್ಯಕರ್ತೆ, ರಾಯಚೂರು ಕಡೆ

ಮಾತು ಚೆನ್ನಾಗಿ ನಡೆದಿದೆ. ಈಗ ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಮಾಡೋಣ. ಪ್ರತಿ ಪಿಎಚ್‌ಸಿಗೂ ಆರೋಗ್ಯ ರಕ್ಷಾ ಸಮಿತಿ ಅಂತ ಇದೆ. ಅಲ್ಲಿ ಅರ್ಜಿ ಕೊಟ್ಟರೆ ಚರ್ಚೆಗೆ ಬರುತ್ತದೆ. ಗರ್ಭಿಣಿಯರಿಗೆ 9ನೇ ತಾರೀಕು ಇರುವ ಹಾಗೆ 40 ದಾಟಿದವರಿಗೂ ತಿಂಗಳಲ್ಲಿ ಒಂದು ದಿನ ಇಡಿ ಅಂತ ಕೇಳೋಣ. ಆ ದಿನ ಪರದೆ, ಒಬ್ಬ ನರ್ಸ್, ಡಾಕ್ಟರ್. ಅಷ್ಟು ಸಾಕು.

ಉಪಕೇಂದ್ರದಲ್ಲಿ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಇದ್ದಾರೆ, ಬಹಳ ಕಡೆ ಹೆಣ್ಣುಮಕ್ಕಳೇ. ಅವರು ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೋ ಮೂಲಕ ಡಾಕ್ಟರ್ ಜೊತೆ ಮಾತಾಡಿಸುತ್ತಾರೆ. ಅದನ್ನು ಬಿಪಿ, ಶುಗರ್‌ಗೆ ಬಳಸುವ ಹಾಗೆ ಇದಕ್ಕೂ ಬಳಸಬಹುದು.

ತುಮಕೂರಿನ ಟೀಚರ್

ಸರಿ ಅಕ್ಕ. ಅರ್ಜಿಯ ಕರಡು ನಾನು ಬರೆಯುತ್ತೇನೆ. ನಾಲ್ಕು ಮಾತು ಇರುತ್ತದೆ. 40 ದಾಟಿದ ಹೆಂಗಸು ಯಾವ ತೊಂದರೆಗೆ ಬಂದರೂ ಒಪಿಡಿ ಚೀಟಿಯಲ್ಲಿ ಕೊನೆ ಮುಟ್ಟಿನ ತಾರೀಕು ಬರೆಯುವುದು. ಸಿಬ್ಯಾಕ್ ಮನೆ ಭೇಟಿಯಲ್ಲಿ ಎರಡು ಪ್ರಶ್ನೆ. 40 ದಾಟಿದವರಿಗೆ ಪಿಎಚ್‌ಸಿಯಲ್ಲಿ ತಿಂಗಳಿಗೆ ಒಂದು ದಿನ, ಪಟ್ಟಣದ ಕ್ಲಿನಿಕ್‌ಗಳಲ್ಲಿ ವಾರಕ್ಕೆ ಒಂದು ಸಂಜೆ. ಪಿಎಚ್‌ಸಿಗೆ ಯೋನಿಗೆ ಹಚ್ಚುವ ಕ್ರೀಮ್ ಮತ್ತು ಕ್ಯಾಲ್ಸಿಯಂ ಕೊಡುವುದು, ಡಾಕ್ಟರ್ ಮತ್ತು ಸಿಎಚ್‌ಓಗಳಿಗೆ ತರಬೇತಿ. ಅಕ್ಟೋಬರ್ 18 ವಿಶ್ವ ಮೆನೋಪಾಸ್ ದಿನ, ಅಷ್ಟರೊಳಗೆ ಯಾರ್ಯಾರ ಊರಿನಲ್ಲಿ ಆಗುತ್ತೋ ಅಲ್ಲಿ ಕೊಡೋಣ.

ಹೆಂಗಸರ ಕೈಗೆ ಕೊಡುವ ಚೀಟಿಯೂ ಬರೆದಿದ್ದೇನೆ: "ಮೈ ಬಿಸಿ, ಬೆವರು, ನಿದ್ದೆಗೆಡುವುದು, ಎದೆ ಡವಡವ, ಕೀಲುನೋವು, ಉರಿಮೂತ್ರ, ಮನಸ್ಸು ಮಂಕು. ಇವು ಮುಟ್ಟು ನಿಲ್ಲುವ ಕಾಲದಲ್ಲಿ ಬರಬಹುದು. ಸಹಿಸಿಕೊಂಡು ಕೂರಬೇಡಿ, ಹತ್ತಿರದ ಡಾಕ್ಟರ್‌ಗೆ ಹೇಳಿ. ಮುಟ್ಟು ನಿಂತ ಮೇಲೆ ಜಾಸ್ತಿ ರಕ್ತ ಹೋದರೆ ತೋರಿಸಿ." ಡಾಕ್ಟ್ರೇ, ಸರಿ ಇದೆಯಾ?

ತಾಲ್ಲೂಕು ಡಾಕ್ಟರ್

ಎರಡು ಕಡೆ ತಿದ್ದಬೇಕು. ಕೊನೆ ಸಾಲಿನಲ್ಲಿ "ಜಾಸ್ತಿ" ಅನ್ನುವುದನ್ನು ತೆಗೆಯಿರಿ. ಒಂದು ವರ್ಷ ನಿಂತ ಮೇಲೆ ಒಂದು ಹನಿ ಕಂಡರೂ, ಒಂದೇ ಸಲ ಕಂಡರೂ ತೋರಿಸಬೇಕು. ಗರ್ಭಕೋಶದ ಕ್ಯಾನ್ಸರ್ ಬೇಗ ಸಿಕ್ಕಿಬೀಳುವುದು ಹಾಗೆ. ಬಹಳ ಜನರಿಗೆ ಕ್ಯಾನ್ಸರ್ ಇರುವುದಿಲ್ಲ, ಆದರೆ ನೋಡದೆ ಹೇಳಲು ಬರುವುದಿಲ್ಲ. "ತಿಂಗಳ ಕ್ಯಾಂಪ್ ಬರಲಿ" ಅಂತ ಕಾಯಬಾರದು ಅಂತಲೂ ಸೇರಿಸಿ.

ಎದೆ ಡವಡವದ ಜೊತೆ ಎದೆನೋವು, ಉಸಿರು ಕಟ್ಟುವುದು, ಎಡಗೈ ಸೆಳೆತ ಇದ್ದರೆ ಅದು ಈ ಚೀಟಿಯ ವಿಷಯ ಅಲ್ಲ, ತಕ್ಷಣ ಆಸ್ಪತ್ರೆಗೆ ಅಂತ ಬೇರೆ ಸಾಲಿನಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಕಲಬುರಗಿಯ ಓದುಗಿ

ಇನ್ನೊಂದು ಸಾಲು ನನ್ನದು: "ಗರ್ಭಕೋಶ ತೆಗೆಸಿಕೊಂಡವರೂ ಬನ್ನಿ, ಆಪರೇಷನ್ ಚೀಟಿ ತನ್ನಿ." ಲಂಬಾಣಿ ಮಾತಿನಲ್ಲೂ ಹೇಳಿಸಬೇಕು. ಬಹಳ ಜನರಿಗೆ ಓದಲು ಬರುವುದಿಲ್ಲ, ಹಾಗಾಗಿ ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿ ತಾಂಡಾ ಗುಂಪುಗಳಿಗೆ ಕಳಿಸುವ ಕೆಲಸ ನಾನು ಮಾಡುತ್ತೇನೆ.

ತುಮಕೂರಿನ ಟೀಚರ್

ಮೂರನ್ನೂ ಸೇರಿಸಿದ್ದೇನೆ. ತಿದ್ದಿದ ಚೀಟಿ, ಅರ್ಜಿಯ ಕರಡು ಎರಡನ್ನೂ ಭಾನುವಾರ ಇಲ್ಲೇ ಹಾಕುತ್ತೇನೆ. ನಿಮ್ಮ ಪಿಎಚ್‌ಸಿ ಹೆಸರು ತುಂಬಿಕೊಂಡು ಪ್ರಿಂಟ್ ತೆಗೆದರೆ ಆಯಿತು. ಅರ್ಜಿ ಕೊಟ್ಟವರು ಸ್ವೀಕೃತಿ ಸಹಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.